ಮಾಡಿಸಿದ್ದರ ಲೆಕ್ಕ

ಫೋಟೋವನ್ನು ಒಂದು ಕಡೆ ಇಟ್ಟರೆ ಸಾಕು, ಮುಂದಿನದೆಲ್ಲ ತನ್ನಷ್ಟಕ್ಕೆ ಆಗುತ್ತದೆ ಎಂದೆ. ಮಾಸ್ಟ್ರು ಒಪ್ಪಲಿಲ್ಲ. "ತನ್ನಷ್ಟಕ್ಕೆ ಆಗುವುದು ಅಂತ ಎಂತದೂ ಇಲ್ಲ ಮಾರಾಯ್ತಿ. ಒಂದೋ ಮಾಡುವವ ಇರ್ತಾನೆ, ಇಲ್ಲದಿದ್ರೆ ಮಾಡಿಸುವವ, ಅದೂ ಇಲ್ಲದಿದ್ರೆ ಆಗ್ಲಿ ಬಿಡು ಅಂತ ಒಪ್ಪಿ ಕೂತವ. ಈ ಮೂರರಲ್ಲಿ ನೀನು ಯಾರು?"

ಬೆಂಗಳೂರಿನಲ್ಲಿ ನಾನು ಹೊಟ್ಟೆ ಹೊರೆಯುವುದೇ ಈ ಕೆಲಸದಿಂದ. ಚಿತ್ರ ಬಂದು ಬಿದ್ದ ಕೂಡಲೇ ಅದನ್ನು ತಿರುಗಿಸಿ, ಕುಗ್ಗಿಸಿ, ಹೆಸರು ಹಚ್ಚಿ ಜೋಡಿಸಿಡುವ ಪ್ರೋಗ್ರಾಮುಗಳನ್ನು ಬರೆಯುತ್ತೇನೆ. ಯಾವ ಮ್ಯಾನೇಜರೂ ಇಂಥ ಪ್ರಶ್ನೆ ಕೇಳಿದ್ದಿಲ್ಲ. ತಿಂಗಳಿಗೆ ಬಿಲ್ಲು ಎಷ್ಟು ಬರುತ್ತದೆ, ಹಬ್ಬದ ಸೀಸನ್ನಿನಲ್ಲಿ ಒಂದೇ ಸಲ ಸಾವಿರಾರು ಚಿತ್ರ ಬಂದರೆ ತಡೆಯುತ್ತದೆಯೇ ಎಂದು ಕೇಳುತ್ತಾರೆ, ಅಷ್ಟೆ.

ಮಾಸ್ಟ್ರು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಕಾರ್ಕಳ ತಾಲೂಕಿನ ಹಳೆಯ ಜೈನ ಮನೆ ಅವರದು. ಅಟ್ಟದ ಮೇಲೆ ಹಲಸಿನ ಮರದ ಪೆಟ್ಟಿಗೆ, ಅದರೊಳಗೆ ಹಿರಿಯರ ಕಾಲದಿಂದ ಬಂದ ತಾಳೆಗರಿಯ ಕಟ್ಟುಗಳು. ವ್ರತಕಥೆಗಳು, ಪೂಜೆಯ ವಿಧಿ, ಪುರಾಣವೊಂದರ ಅರ್ಧ ಭಾಗ, ಔಷಧದ ಒಂದು ಕಟ್ಟು, ಗೇಣಿಯ ಲೆಕ್ಕದ ಇನ್ನೊಂದು. ವರ್ಷಕ್ಕೊಮ್ಮೆ ಜ್ಯೇಷ್ಠಮಾಸದ ಶ್ರುತಪಂಚಮಿಗೆ ಅವನ್ನು ಕೆಳಗಿಳಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ನಿಂಬೆಹುಲ್ಲಿನ ಎಣ್ಣೆ ಸವರಿ, ಪೂಜಿಸಿ ಮತ್ತೆ ಅಟ್ಟಕ್ಕೆ ಏರಿಸುತ್ತಾರೆ. ಈಗ ಅವರ ಕಣ್ಣು ಮಂಜಾಗಿದೆ. ಮಕ್ಕಳು ಯಾರಿಗೂ ಗರಿ ಓದಲು ಬಾರದು. ಮಣಿಪಾಲದಲ್ಲಿ ಓದುತ್ತಿರುವ ಮೊಮ್ಮಗಳು ರಜೆಯಲ್ಲಿ ಬಂದು ಗರಿಗಳ ಫೋಟೋ ತೆಗೆಯುತ್ತಾಳೆ, ನಾನು ಆ ಫೋಟೋಗಳಿಗೆ ವ್ಯವಸ್ಥೆ ಮಾಡಿಕೊಡಬೇಕು ಎಂಬುದು ಒಪ್ಪಂದ. ಒಂದು ಗರಿ ಒಂದೂವರೆ ಅಡಿ ಉದ್ದ, ಎರಡು ಬೆರಳು ಅಗಲ. ಅದರ ಪ್ರತಿ ಮಗ್ಗುಲನ್ನೂ ಎರಡು ತುಂಡಾಗಿ, ನಡುವೆ ಸ್ವಲ್ಪ ಮೇಲೆ ಮೇಲೆ ಬರುವಂತೆ ತೆಗೆಯಬೇಕು. ಅಂದರೆ ಗರಿಯೊಂದಕ್ಕೆ 4 ಚಿತ್ರ. ಸಾವಿರ ಗರಿ ಇದ್ದರೆ ಕೂತು ಒಂದೊಂದನ್ನೇ ತಿದ್ದಲು ಯಾರಿಂದಾದೀತು?

ಅದಕ್ಕೆ ಈಗ ಒಂದು ದಾರಿಯಿದೆ. ಅಮೆಜಾನಿನ ಎಸ್‌ತ್ರೀ ಎಂಬ ಉಗ್ರಾಣ 2006ರಿಂದ ಬಾಡಿಗೆಗೆ ಸಿಗುತ್ತಿದೆ. ಅದರಲ್ಲಿ ನಾವು ಹಿಡಿದುಕೊಂಡ ಖಾನೆಗೆ ಬಕೆಟ್ ಎನ್ನುತ್ತೇವೆ. ಮೊದಲೆಲ್ಲ ಅಲ್ಲಿಗೆ ಬಂದ ಚಿತ್ರಗಳನ್ನು ಸಂಸ್ಕರಿಸಲು ಒಂದು ಕಂಪ್ಯೂಟರನ್ನು ಹಗಲೂ ರಾತ್ರಿ ಚಾಲೂ ಇಟ್ಟಿರಬೇಕಿತ್ತು. ಅದು ನಿಮಿಷಕ್ಕೊಮ್ಮೆ ಬಕೆಟ್ಟಿಗೆ ಇಣುಕಿ ಹೊಸದು ಬಂತೇ ಎಂದು ನೋಡುತ್ತಿತ್ತು. 2014ರ ನವೆಂಬರಿನಲ್ಲಿ ಅಮೆಜಾನಿನದೇ ಲ್ಯಾಂಬ್ಡಾ ಎಂಬ ಸೇವೆ ಬಂದ ಮೇಲೆ ಇಣುಕುವ ಕೆಲಸ ತಪ್ಪಿತು. ಚಿತ್ರವನ್ನು ಬಕೆಟ್ಟಿನಲ್ಲಿ ಇಟ್ಟದ್ದೇ ಒಂದು ಘಟನೆ ಎಂದು ಗಣನೆಯಾಗುತ್ತದೆ. ಯಾವ ಬಕೆಟ್, ಯಾವ ಹೆಸರು, ಎಷ್ಟು ದೊಡ್ಡದು, ಎಷ್ಟು ಹೊತ್ತಿಗೆ ಬಂತು ಎಂಬ ವಿವರದ ಒಂದು ಚೀಟಿ ಹೊರಡುತ್ತದೆ. ಆ ಚೀಟಿ ಹೋಗಿ ತಟ್ಟಿದಾಗ, ಮುಂಬೈಯ ಯಾವುದೋ ಕಟ್ಟಡದೊಳಗಿನ ಯಾವುದೋ ಯಂತ್ರದ ಮೂಲೆಯಲ್ಲಿ ನಾನು ಬರೆದಿಟ್ಟ ಫಂಕ್ಷನ್ ಎದ್ದು ಕೂರುತ್ತದೆ, ಕೆಲಸ ಮಾಡುತ್ತದೆ, ಮುಗಿಸುತ್ತದೆ. ಅದಕ್ಕೆ ಸಿಗುವ ಸಮಯ ಹೆಚ್ಚೆಂದರೆ 15 ನಿಮಿಷ. ಹಣ ಕೊಡುವುದು ಅದು ಎದ್ದಿದ್ದ ಹೊತ್ತಿಗೆ ಮಾತ್ರ, 2020ರ ಕೊನೆಯಿಂದ ಅದೂ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ.

"15 ನಿಮಿಷದ ಆಯುಷ್ಯವಾ?" ಮಾಸ್ಟ್ರಿಗೆ ಇದು ಹಿಡಿಸಿತು. ನಿಗೋದದ, ಅಂದರೆ ಅತಿಸೂಕ್ಷ್ಮವಾದ, ಜೀವಗಳು ಒಂದು ಉಸಿರಿನೊಳಗೆ 18 ಸಲ ಹುಟ್ಟಿ ಸಾಯುತ್ತವೆ ಎಂದು ಅವರ ಶಾಸ್ತ್ರ ಹೇಳುತ್ತದೆ. ಅದಕ್ಕೆ ಹೋಲಿಸಿದರೆ ನಿನ್ನ ಫಂಕ್ಷನ್ ದೀರ್ಘಾಯುಷಿ ಎಂದು ನಕ್ಕರು. ಆಮೇಲೆ ತಾವೇ ತಿದ್ದಿಕೊಂಡರು: ನಿಗೋದಕ್ಕೆ ಜೀವ ಉಂಟು, ಇದಕ್ಕಿಲ್ಲ, ಇದು ಅಜೀವ. ಆ ಗೆರೆ ಅವರಿಗೆ ಬಹಳ ಮುಖ್ಯ. ಯಂತ್ರ ಯೋಚಿಸುತ್ತದೆಯೇ, ಅದಕ್ಕೆ ಮನಸ್ಸಿದೆಯೇ ಎಂದು ಪತ್ರಿಕೆಗಳಲ್ಲಿ ನಡೆಯುವ ಚರ್ಚೆಯನ್ನು ಅವರು ಓದುತ್ತಾರೆ, ಓದಿ ಪಕ್ಕಕ್ಕಿಡುತ್ತಾರೆ. ಅವರಿಗೆ ಬೇಕಾದದ್ದು ಕರ್ಮ ಯಾರ ಖಾತೆಗೆ ಬೀಳುತ್ತದೆ ಎಂಬ ಒಂದೇ ಸಂಗತಿ. ಅದಕ್ಕೆ ಉತ್ತರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇದೆ ಎಂದರು. ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದರಂತೆ ಹತ್ತು ಅಧ್ಯಾಯಗಳನ್ನೂ ಓದುವ ವಾಡಿಕೆಯುಂಟಷ್ಟೆ. ಮಾಸ್ಟ್ರಿಗೆ ಅದು ಕಂಠಪಾಠ.

ನಾನು ಜೈನಳಲ್ಲ. ಆದರೆ ಆ ಅಧ್ಯಾಯವನ್ನು ಅವರ ಪಕ್ಕದಲ್ಲಿ ಕೂತು ಕೇಳಿದಾಗ, ನನ್ನ ವೃತ್ತಿಯ ಯಾವ ಕೈಪಿಡಿಯಲ್ಲೂ ಕಾಣದ ಒಂದು ಸೂಕ್ಷ್ಮ ಅಲ್ಲಿ ಕಂಡಿತು. ಕರ್ಮ ಹರಿದು ಬರಲು ಆಧಾರವಾಗುವುದು ಎರಡು, ಜೀವ ಮತ್ತು ಅಜೀವ. ಅಜೀವದ ಕಡೆಯ ಪಟ್ಟಿಯಲ್ಲಿ ನಿಕ್ಷೇಪ ಎಂದೊಂದಿದೆ. ನಿಕ್ಷೇಪವೆಂದರೆ ಏನನ್ನಾದರೂ ಎಲ್ಲಿಯಾದರೂ ಇಡುವುದು, ಬೇರೇನೂ ಅಲ್ಲ. ಅದರಲ್ಲಿ ನಾಲ್ಕು ಬಗೆ. ನೋಡದೆ ಇಡುವುದು, ಸರಿಯಾಗಿ ಒರೆಸದೆ ಇಡುವುದು, ಅವಸರದಲ್ಲಿ ಇಡುವುದು, ಇಡಬಾರದ ಕಡೆ ಲಕ್ಷ್ಯವಿಲ್ಲದೆ ಇಡುವುದು. ದಿಗಂಬರ ಮುನಿಗಳು ಕಮಂಡಲವನ್ನು ಕೆಳಗಿಡುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲ ಸವರುವುದು ಇದೇ ಕಾರಣಕ್ಕೆ. ವಸ್ತುವನ್ನು ಎತ್ತುವುದಕ್ಕೂ ಇಡುವುದಕ್ಕೂ ಅವರಿಗೆ ಪ್ರತ್ಯೇಕವಾದ ಒಂದು ಸಮಿತಿಯೇ, ಅಂದರೆ ಎಚ್ಚರದ ನಿಯಮವೇ, ಇದೆ.

ಇದನ್ನು ಕೇಳುವಾಗ ನನಗೆ ಸಣ್ಣಗೆ ಮೈ ಜುಮ್ಮೆಂದಿತು. ನಾನು ದಿನವಿಡೀ ಹೆಣೆಯುವ ಜಗತ್ತಿನಲ್ಲಿ ಎಲ್ಲವೂ ಶುರುವಾಗುವುದು ಇಡುವುದರಿಂದ. ಬಕೆಟ್ಟಿನಲ್ಲಿ ವಸ್ತು ಬಂದು ಕೂತಿತು ಎಂಬುದೇ ಅಲ್ಲಿನ ಮೊದಲ ಘಟನೆ. ಇಟ್ಟ ಕೈ ಮುಂದೇನಾಗುತ್ತದೆ ಎಂದು ತಿಳಿಯುವ ಗೋಜಿಗೆ ಹೋಗಬೇಕಿಲ್ಲ. ಇಡಬಾರದ ಕಡೆ ಇಡುವುದರ ಫಲವೂ ಅಲ್ಲಿ ಥಟ್ಟನೆ ಕಾಣುತ್ತದೆ. ಫಂಕ್ಷನ್ ತಾನು ಮಾಡಿದ ಸಣ್ಣ ಚಿತ್ರವನ್ನು ಮೂಲಚಿತ್ರ ಬಂದ ಬಕೆಟ್ಟಿಗೇ ಇಟ್ಟರೆ, ಅದು ಹೊಸ ಘಟನೆಯಾಗುತ್ತದೆ. ಹೊಸ ಚೀಟಿ ಹೊರಟು ಫಂಕ್ಷನ್ ಮತ್ತೆ ಏಳುತ್ತದೆ, ಸಣ್ಣದರ ಸಣ್ಣದನ್ನು ಮಾಡಿ ಮತ್ತೆ ಅಲ್ಲೇ ಇಡುತ್ತದೆ. ಇಂಥ ಸುತ್ತನ್ನು ಲ್ಯಾಂಬ್ಡಾ ತಾನೇ ಹಿಡಿದು ನಿಲ್ಲಿಸತೊಡಗಿದ 2024ರವರೆಗೆ, ಯಾರೂ ನಿಲ್ಲಿಸದಿದ್ದರೆ ಇದಕ್ಕೆ ಕೊನೆಯಿರಲಿಲ್ಲ, ಬಿಲ್ಲಿಗೂ ಇರಲಿಲ್ಲ. ಮೂಲಕ್ಕೊಂದು, ಪ್ರತಿಗೊಂದು ಎಂದು ಎರಡು ಬಕೆಟ್ ಇಟ್ಟುಕೊಳ್ಳಿ ಎಂದು ಕೈಪಿಡಿಗಳು ಒತ್ತಿ ಹೇಳುವುದು ಅದಕ್ಕೇ. ಮಾಸ್ಟ್ರಿಗೆ ಇದನ್ನು ವಿವರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಸಂಸಾರವೂ ಹಾಗೇ ಅಲ್ವಾ, ಉದಯಕ್ಕೆ ಬಂದ ಕರ್ಮ ಇನ್ನೊಂದು ಕರ್ಮಕ್ಕೆ ನಿಮಿತ್ತ ಆಗ್ತದೆ ಎಂದು ಹೇಳಿ ಎಲೆಅಡಿಕೆಯ ತಟ್ಟೆ ಎಳೆದುಕೊಂಡರು.

ಆದರೆ ಒಂದು ಕಡೆ ನಮ್ಮ ಯಂತ್ರದ ನಿಯಮ ಅವರಿಗೆ ವಿಚಿತ್ರವೆನಿಸಿತು. ಘಟನೆಯ ಚೀಟಿ ಒಮ್ಮೆಯಾದರೂ ತಲಪುತ್ತದೆ ಎಂದು ಮಾತ್ರ ಆ ವ್ಯವಸ್ಥೆ ಮಾತು ಕೊಡುತ್ತದೆ. ಅಪರೂಪಕ್ಕೆ ಒಂದೇ ಚೀಟಿ ಎರಡು ಸಲ ಬರಬಹುದು. ಹಾಗಾಗಿ ಒಂದೇ ಚಿತ್ರವನ್ನು ಎರಡು ಸಲ ಸಂಸ್ಕರಿಸಿದರೂ ಫಲ ಒಂದೇ ಆಗುವಂತೆ ಬರೆಯಬೇಕು. ಚಿತ್ರದ ಬೆರಳಚ್ಚಿನಂಥ ಒಂದು ಉದ್ದ ಸಂಖ್ಯೆಯನ್ನು ಲೆಕ್ಕ ಹಾಕಿ, ಅದನ್ನೇ ಪ್ರತಿಯ ಹೆಸರಾಗಿ ಇಟ್ಟರೆ ಎರಡನೆಯದು ಮೊದಲನೆಯದರ ಮೇಲೇ ಕೂರುತ್ತದೆ, ಬೇರೆಯಾಗಿ ಉಳಿಯುವುದಿಲ್ಲ. "ಎರಡು ಸಲ ಮಾಡಿದ್ರೂ ಒಂದೇ ಸಲ ಮಾಡಿದ ಹಾಗಾ? ಅಂಥ ಸೌಕರ್ಯ ನಮ್ಮಲ್ಲಿಲ್ಲ" ಎಂದರು ಮಾಸ್ಟ್ರು.

ಇನ್ನು ಜೀವದ ಕಡೆಯ ಪಟ್ಟಿ. ಅದು ಪಟ್ಟಿಗಿಂತ ಹೆಚ್ಚಾಗಿ ಗುಣಾಕಾರ. ಮಾಡಬೇಕೆಂದು ಸಂಕಲ್ಪಿಸುವುದು, ಬೇಕಾದ ಸಾಧನಗಳನ್ನು ಜೋಡಿಸುವುದು, ಕೆಲಸಕ್ಕೆ ತೊಡಗುವುದು, ಇವು ಮೂರು. ಮನಸ್ಸು, ಮಾತು, ದೇಹ ಮೂರು. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ನಾಲ್ಕು. ಎಲ್ಲ ಗುಣಿಸಿದರೆ 108. ಮಾಸ್ಟ್ರು ಜಪಸರದ ಮಣಿಗಳನ್ನು ಸರಿಸುತ್ತಾ ಇದನ್ನು ಹೇಳಿದರು. ಮಣಿಗಳ ಸಂಖ್ಯೆಗೆ ಇದೇ ಕಾರಣವೆಂದು ಅವರ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರಂತೆ.

ನನ್ನ ಕೆಲಸವನ್ನು ಈ ಕೋಷ್ಟಕದಲ್ಲಿ ಇಟ್ಟು ನೋಡಿದೆ. ಗರಿಯ ಚಿತ್ರಗಳು ಹೀಗೆ ಹೀಗೆ ಬದಲಾಗಬೇಕು ಎಂದು ಕಾಗದದ ಮೇಲೆ ಗೀಚಿದ್ದು ಸಂಕಲ್ಪ. ಬಕೆಟ್ ತೆರೆದು, ಫಂಕ್ಷನ್ನಿಗೆ ಅನುಮತಿಗಳನ್ನು ಕೊಟ್ಟದ್ದು ಸಾಧನ ಜೋಡಿಸಿದ್ದು. ಮೂಲವನ್ನು ಓದಬಹುದು, ಪ್ರತಿಯ ಬಕೆಟ್ಟಿಗೆ ಬರೆಯಬಹುದು, ಯಾವುದನ್ನೂ ಅಳಿಸುವ ಹಾಗಿಲ್ಲ ಎಂದು ಅದಕ್ಕೆ ಗಡಿ ಹಾಕಿದ್ದೆ. ಮಾಸ್ಟ್ರು ಅದನ್ನು ದಿಗ್ವ್ರತವೆಂದು ಕರೆದರು, ಶ್ರಾವಕರು ಇಂಥ ದಿಕ್ಕಿಗೆ ಇಷ್ಟು ದೂರದಾಚೆ ಹೋಗುವುದಿಲ್ಲವೆಂದು ಹಿಡಿಯುವ ವ್ರತ. ಘಟನೆಗೂ ಫಂಕ್ಷನ್ನಿಗೂ ಗಂಟು ಹಾಕಿ ಚಾಲೂ ಮಾಡಿದ್ದು ತೊಡಗಿದ್ದು. ಇಲ್ಲಿಯವರೆಗೆ ಎಲ್ಲ ಹೊಂದುತ್ತದೆ. ಆಮೇಲೆ ಬರುವುದು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು. ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ತಿದ್ದಿದ್ದು ಫಂಕ್ಷನ್. ಅದು ಅಜೀವ, ಅದಕ್ಕೆ ಖಾತೆಯೇ ಇಲ್ಲ. ಹಾಗಾಗಿ 'ಮಾಡಿದ್ದು' ಎಂಬ ಮನೆ ಖಾಲಿ. ಆ ಖಾಲಿ ಮನೆಯನ್ನು ನೋಡಿಯೇ ನನ್ನಂಥವರು ಇಡೀ ಕೋಷ್ಟಕ ಖಾಲಿ ಎಂದುಕೊಳ್ಳುತ್ತೇವೆ. ಲಾಗ್ ತೆರೆದರೆ ಅಲ್ಲಿ ಯಾವ ಮನುಷ್ಯನ ಹೆಸರೂ ಇರುವುದಿಲ್ಲ, ಫಂಕ್ಷನ್ನಿನ ಹೆಸರೂ ಒಂದು ಗುರುತಿನ ಸಂಖ್ಯೆಯೂ ಇರುತ್ತವೆ. ಉಳಿದ ಎರಡು ಮನೆಗಳು ಮಾತ್ರ ತುಂಬಿ ತುಳುಕುತ್ತಿರುತ್ತವೆ.

ಇಲ್ಲಿ ನಾನು ಬುದ್ಧನನ್ನು ಸಾಕ್ಷಿಗೆ ಕರೆದೆ. ಮೊದಲಿನಿಂದಲೂ ನನ್ನ ಒಲವು ಆ ಕಡೆಗೆ. ಚೇತನೆಯೇ, ಅಂದರೆ ಇಚ್ಛಿಸುವುದೇ, ಕರ್ಮ ಎಂದು ಅಂಗುತ್ತರ ನಿಕಾಯ ಹೇಳುತ್ತದೆ. ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ದೇಹದ ಕ್ರಿಯೆ ದೊಡ್ಡದೋ ಮನಸ್ಸಿನದೋ ಎಂದು ನಿಗಂಠರ, ಅಂದರೆ ಜೈನರ, ಜೊತೆಗಿನ ವಾದ ವಿವರವಾಗಿ ಬರುತ್ತದೆ. ವಾದಕ್ಕೆ ಹೋದ ಉಪಾಲಿ ಗೃಹಪತಿ ಕೊನೆಗೆ ಬುದ್ಧನ ಪಕ್ಷ ಸೇರುತ್ತಾನೆ. ಮಾಸ್ಟ್ರಿಗೆ ಈ ಕಥೆ ಗೊತ್ತು, ಅದು ಅವರ ಕಡೆಯವರು ಬರೆದ ವರದಿಯಲ್ಲ ಎಂಬುದೂ ಗೊತ್ತು. "ಬರೆದವರು ಯಾರು ನೋಡು, ಗೆದ್ದವರು ಯಾರು ಅಂತ ಹೇಳ್ಬೇಕಾಗಿಲ್ಲ" ಎಂದರು. ಇಚ್ಛೆಯೊಂದೇ ಅಳತೆಯಾದರೆ ನನಗೆ ಬಹಳ ಅನುಕೂಲ. ಚಿತ್ರ ಕೆಡಬೇಕೆಂದು ನಾನೆಂದೂ ಇಚ್ಛಿಸಿದವಳಲ್ಲ.

ಹಾಗೆ ವಾದಿಸುತ್ತಿರುವಾಗಲೇ ನನ್ನ ವಾದ ಟೊಳ್ಳೆಂದು ನನಗೇ ಅನಿಸತೊಡಗಿತು. ಹಿಂದೆ ನಾನಿದ್ದ ಒಂದು ಕಡೆ, ಅರ್ಜಿ ಹಾಕುವವರ ಫೋಟೋದಿಂದ ಮುಖವನ್ನು ಹುಡುಕಿ ಕತ್ತರಿಸುವ ಇಂಥದೇ ಫಂಕ್ಷನ್ ನಡೆಯುತ್ತಿತ್ತು. ಮಂದ ಬೆಳಕಿನಲ್ಲಿ ತೆಗೆದ ಕಪ್ಪು ಮೈಬಣ್ಣದವರ ಫೋಟೋ ಬಂದರೆ ಅದು 'ಮುಖ ಸಿಗಲಿಲ್ಲ' ಎಂದು ಹಿಂದಕ್ಕೆ ಕಳಿಸುತ್ತಿತ್ತು. ಜನ ಮತ್ತೆ ಸ್ಟುಡಿಯೋಕ್ಕೆ ಹೋಗುತ್ತಿದ್ದರು, ಮತ್ತೆ ಹಣ ಕೊಡುತ್ತಿದ್ದರು. ಬೆಳಕಿಗೆ ಬಂದ ಮೇಲೆ ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಹಾಗೆ ಮಾಡಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ ಎಂದು. ಅದು ಸತ್ಯವೇ. ಇಂಥದು ಅಲ್ಲೊಂದೇ ಕಡೆ ಆದದ್ದೂ ಅಲ್ಲ. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ತಂತ್ರಾಂಶಗಳನ್ನು ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಬಿಳಿ ಬಣ್ಣದ ಗಂಡಸರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದ ತಪ್ಪು, ಕಪ್ಪು ಬಣ್ಣದ ಹೆಂಗಸರಲ್ಲಿ ಸುಮಾರು 35ರವರೆಗೆ ಏರಿತ್ತು. ಅಲ್ಲೂ ಕೆಟ್ಟ ಉದ್ದೇಶವಿತ್ತೆಂದು ಯಾರೂ ತೋರಿಸಬೇಕಾಗಿರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯನ್ನು ನಿರೂಪಿಸುವುದು ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ. ಕೆಟ್ಟದ್ದನ್ನು ಬಯಸಿರಬೇಕೆಂಬ ಷರತ್ತು ಅದರಲ್ಲಿಲ್ಲ. ಹಾಗೆಂದು ಆಗಿಹೋದದ್ದಕ್ಕೆಲ್ಲ ಹೊಣೆ ಹೊರಿಸುವ ಕ್ರೌರ್ಯವೂ ಅಲ್ಲಿಲ್ಲ. ನೆಲ ನೋಡಿ ನಡೆಯುವ ಮುನಿಯ ಪಾದದಡಿಗೆ ಹುಳುವೊಂದು ಬಂದು ಸತ್ತರೆ ಅವನಿಗೆ ಕರ್ಮಬಂಧವಿಲ್ಲ, ಎಚ್ಚರವಿಲ್ಲದೆ ನಡೆಯುವವನಿಗೆ ಹುಳು ಬದುಕಿ ಉಳಿದರೂ ಹಿಂಸೆ ತಪ್ಪಿದ್ದಲ್ಲ ಎಂಬುದು ಕುಂದಕುಂದರ ಪ್ರವಚನಸಾರದ ನಿಲುವು. ಇದು ಬುದ್ಧನಿಗಿಂತ ಕಠಿಣ, ಆದರೆ ನನ್ನ ವೃತ್ತಿಗೆ ಹೆಚ್ಚು ಸಲ್ಲುವಂಥದ್ದು ಎಂದು ಈಗ ನನಗನಿಸುತ್ತದೆ. ಫಂಕ್ಷನ್ ಎಚ್ಚರವಾಗಿರಲಾರದು. ಅದು ಏಳುತ್ತದೆ, ಮಲಗುತ್ತದೆ, ಎಚ್ಚರವಾಗಿರುವುದು ಬೇರೆ ಸಂಗತಿ. ಎಚ್ಚರವನ್ನು ಹೊರಗಿನಿಂದ ಯಾರಾದರೂ ಕೊಡಬೇಕು.

ಎಚ್ಚರವೆಂದರೆ ಏನು ಎಂಬುದು ಮಾಸ್ಟ್ರ ಮನೆಯ ಜಗಲಿಯಲ್ಲಿ ಗೊತ್ತಾಯಿತು. ಹಳೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದ ಅಕ್ಷರಗಳು ಇರುತ್ತವೆ, ಮಸಿ ತಿಕ್ಕಿದಾಗ ಮಾತ್ರ ಅವು ಕಾಣುವುದು. ಜೊತೆಗೆ ಹುಳು ತಿಂದ ತೂತು, ಎಣ್ಣೆಯ ಕಲೆ, ಮಸಿಯ ಚುಕ್ಕಿ. ಓದಲು ಸುಲಭವಾಗಲೆಂದು ಚಿತ್ರವನ್ನು ಬರೀ ಕಪ್ಪು ಬಿಳುಪಾಗಿಸಿ, ಬೇರೆ ಯಾವುದಕ್ಕೂ ತಾಗದೆ ಒಂಟಿಯಾಗಿ ನಿಂತ, 80 ಪಿಕ್ಸೆಲ್‌ಗಿಂತ ಸಣ್ಣದಾದ ಕಪ್ಪು ತುಣುಕುಗಳನ್ನೆಲ್ಲ ಅಳಿಸುವ ಒಂದು ಹಂತವನ್ನು ಫಂಕ್ಷನ್ನಿಗೆ ಸೇರಿಸಿ ನೋಡೋಣವೆಂದುಕೊಂಡಿದ್ದೆ. ಈ ವಿದ್ಯೆಯಲ್ಲಿ ಅದು ಎಲ್ಲರೂ ಮಾಡುವ ಸಾಮಾನ್ಯ ಶುದ್ಧಿ. ಪುರಾಣದ ಒಂದು ಗರಿಯನ್ನು ಹಾಗೆ ಶುದ್ಧ ಮಾಡಿ, ದೊಡ್ಡದಾಗಿ ಅಚ್ಚು ಹಾಕಿಸಿ ಅವರ ಮುಂದಿಟ್ಟೆ. ಭೂತಗನ್ನಡಿ ಹಿಡಿದು ಸಾಲಿನ ಮೇಲೆ ಬೆರಳು ಸರಿಸುತ್ತಾ ಹೋದವರು ಒಂದು ಕಡೆ ನಿಂತರು. "ಇಲ್ಲಿ ಅರಸನಂ ಅಂತ ಇರ್ಬೇಕಲ್ಲ. ಸೊನ್ನೆ ಎಲ್ಲಿ?" ಮೂಲಚಿತ್ರ ತೆಗೆದು ನೋಡಿದರೆ ಸೊನ್ನೆ ಇತ್ತು, ಎಳ್ಳಿಗಿಂತ ಸಣ್ಣದು, ಅಕ್ಷರಕ್ಕೆ ತಾಗದೆ ಪಕ್ಕದಲ್ಲಿ ನಿಂತ ತೆಳ್ಳನೆಯ ಉಂಗುರ. ಫಂಕ್ಷನ್ನಿನ ಕಣ್ಣಿಗೆ ಅದಕ್ಕೂ ಹುಳುವಿನ ತೂತಿಗೂ ಭೇದವಿಲ್ಲ. ಸೊನ್ನೆ ಹೋದರೆ ಅರಸನನ್ನು ಎಂಬುದು ಅರಸನ ಎಂದಾಗುತ್ತದೆ. ಯಾರೋ ಅರಸನನ್ನು ಕಂಡರು ಎಂಬ ಜಾಗದಲ್ಲಿ ಅರಸನ ಏನನ್ನೋ ಕಂಡರು ಎಂದಾಗಿ, ಓದುವವನು ಮುಂದಿನ ಪದದಲ್ಲಿ ಅದೇನೆಂದು ಹುಡುಕುತ್ತಾ ಕೂರುತ್ತಾನೆ.

ಆ ಹಂತವನ್ನೇ ತೆಗೆದುಬಿಡೋಣವೆಂದೆ. ಮಾಸ್ಟ್ರು ಬೇಡವೆಂದರು. ಶುದ್ಧ ಮಾಡಿದ ಚಿತ್ರ ಅವರ ಮಂಜುಗಣ್ಣಿಗೆ ನಿಜವಾಗಿಯೂ ಸುಲಭವಾಗಿತ್ತು. ಅವರ ಮನೆಯಲ್ಲಿ ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿಯೇ ಬಳಸುವುದು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಕೊಡವಿ ಎಸೆಯುವ ಹಾಗಿಲ್ಲ. ಸೋಸಿದ ನೀರನ್ನೇ ಮೇಲಿಂದ ಹೊಯ್ದು, ಕಣ್ಣಿಗೆ ಕಾಣದ ಜೀವಗಳು ಸೇರಿದ ಆ ಶೇಷವನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು, ಬೇರೆ ಬಾವಿಗೂ ಅಲ್ಲ. "ಬಟ್ಟೆಯಲ್ಲಿ ಸಿಕ್ಕಿದ್ದು ಎಂತದು ಅಂತ ಬಟ್ಟೆಗೆ ಗೊತ್ತುಂಟಾ? ಅದಕ್ಕೆ ತಿರುಗಿ ಬಾವಿಗೆ ಬಿಡುವುದು. ನೀನೂ ಅಳಿಸಿದ್ದನ್ನೆಲ್ಲ ಒಂದು ಕಡೆ ಇಡು" ಎಂದರು. ಅಂತೆಯೇ ಈಗ ಪ್ರತಿ ಫೋಟೋಕ್ಕೂ ಮೂರು ರೂಪಗಳು ಉಳಿಯುತ್ತವೆ. ಮೂಲ, ಶುದ್ಧ ಮಾಡಿದ್ದು, ಶುದ್ಧ ಮಾಡುವಾಗ ಅಳಿಸಿದ ಚುಕ್ಕಿಗಳು ಮಾತ್ರ ಇರುವ ಮೂರನೆಯದು. ಮೂರನೆಯದನ್ನು ಶುದ್ಧ ಚಿತ್ರದ ಮೇಲೆ ಕೆಂಪು ಬಣ್ಣದಲ್ಲಿ ಹೊದಿಸಿ ನೋಡಬಹುದು. ಅದು ನೋಡಲು ಕೆಮ್ಮಣ್ಣಿನ ಧೂಳು ಎರಚಿದಂತಿರುತ್ತದೆ, ನಡುವೆ ಎಲ್ಲೋ ಒಂದೆರಡು ಉಂಗುರ. ಹತ್ತು ವರ್ಷಗಳ ಹಿಂದೆ ಆಫೀಸಿನಲ್ಲಿ ಇಂಥ ವಿನ್ಯಾಸ ತೋರಿಸಿದ್ದರೆ ಉಗ್ರಾಣದ ಬಾಡಿಗೆ ದಂಡ ಎಂದು ಬೈಸಿಕೊಳ್ಳುತ್ತಿದ್ದೆ.

ಅತ್ತಿಮಬ್ಬೆಯ ಮಾತು ಬಂದದ್ದು ಆಮೇಲೆ. ಹತ್ತನೆಯ ಶತಮಾನದಲ್ಲಿ ಅವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂಬುದು ಕನ್ನಡ ಓದಿದ ಎಲ್ಲರಿಗೂ ಗೊತ್ತು. ಅವಳೇ ಕಂಠ ಹಿಡಿದು ಬರೆದಳೆಂದು ಯಾರೂ ಹೇಳುವುದಿಲ್ಲ. ಬರೆದವರ ಹೆಸರೂ ನಮಗಿಲ್ಲ. ಆದರೂ ಶಾಸ್ತ್ರದಾನದ ಪುಣ್ಯ ಅವಳದೆಂದು ಸಾವಿರ ವರ್ಷದಿಂದ ಹೇಳುತ್ತಾ ಬಂದಿದ್ದೇವೆ. ಮಾಸ್ಟ್ರ ತರ್ಕ ಇಷ್ಟೇ: ಮಾಡಿಸಿದ ಪುಣ್ಯ ಮಾಡಿಸಿದವಳಿಗೆ ಎಂದು ಒಪ್ಪಿದ ಮೇಲೆ, ಮಾಡಿಸಿದ ಪಾಪಕ್ಕೆ ಬೇರೆ ವಾರಸುದಾರರನ್ನು ಹುಡುಕುವ ಹಾಗಿಲ್ಲ.

ನನ್ನನ್ನು ಕಾಡಿದ್ದು ಇನ್ನೊಂದು ವ್ಯತ್ಯಾಸ. ಅತ್ತಿಮಬ್ಬೆಯ ಆಜ್ಞೆಗೂ ಗರಿಯ ಮೇಲಿನ ಅಕ್ಷರಕ್ಕೂ ನಡುವೆ ಲಿಪಿಕಾರರಿದ್ದರು. ಮೂಲದಲ್ಲಿ ಸೊನ್ನೆ ಬಿಟ್ಟುಹೋಗಿದ್ದರೆ ಅವರಲ್ಲೊಬ್ಬ ಕೈ ನಿಲ್ಲಿಸಿ, ಇದು ಹೀಗಿರಲಾರದು ಎಂದು ಪಕ್ಕದವನನ್ನು ಕೇಳಬಲ್ಲ. ಕೇಳದೆಯೂ ಇರಬಲ್ಲ. ನೋಡಿದ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ದೂರು ನನ್ನ ಮೇಲೆ ಬೇಡ ಎಂಬ ಅರ್ಥದ ಮಾತನ್ನು ಕೊನೆಯಲ್ಲಿ ಬರೆದು ಕೈ ತೊಳೆದುಕೊಂಡ ಲಿಪಿಕಾರರು ಎಷ್ಟೋ ಮಂದಿ. ಮಾಸ್ಟ್ರ ಕಟ್ಟುಗಳಲ್ಲೂ ಅಂಥ ಮುಕ್ತಾಯ ಇದೆ. ಅದನ್ನು ಓದುವಾಗೆಲ್ಲ ಇದು ನನ್ನ ಫಂಕ್ಷನ್ ಹೇಳಬಹುದಾದ ಮಾತೇ ಎಂದುಕೊಳ್ಳುತ್ತೇನೆ. ಆದರೆ ಆ ಲಿಪಿಕಾರ ನೋಡಿದ್ದನಂತೂ ನಿಜ. ಸಾವಿರ ಪ್ರತಿಗೆ ಸಾವಿರ ಸಲ ಯಾರೋ ನೋಡಿದ್ದರು, ಸಾವಿರ ಸಲ ಎಚ್ಚರಾಗುವ ಅವಕಾಶವಿತ್ತು. ನನ್ನ ಆಜ್ಞೆಗೂ ಚಿತ್ರಕ್ಕೂ ನಡುವೆ ಅಂಥ ಯಾರೂ ಇಲ್ಲ. 80 ಎಂದು ನಾನು ಬರೆದರೆ ಮೊದಲ ಗರಿಯಿಂದ ಕೊನೆಯ ಗರಿಯವರೆಗೆ 80ಕ್ಕಿಂತ ಸಣ್ಣದ್ದೆಲ್ಲ ಹೋಗುತ್ತದೆ. ಹಿಂದಿನವರಲ್ಲಿ ಮಾಡಿದವರಿಗೂ ಮಾಡಿಸಿದವರಿಗೂ ಹಂಚಿಹೋಗುತ್ತಿದ್ದ ಭಾರ ಈಗ ಮಾಡಿಸಿದವರ ಹೆಗಲಿಗೇ ಪೂರ್ತಿ ಬಂದು ಕೂತಿದೆ. ಯಂತ್ರ ಬಂದು ನಮ್ಮ ಹೊಣೆ ಹಗುರಾಯಿತೆನ್ನುವವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯ ಮನೆ, ಒಪ್ಪಿದ್ದು, ಇನ್ನೂ ತೊಡಕಿನದು. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಹೊರಗೆ ಬಾರದೆ ಇದ್ದ ಧವಳಾ ಎಂಬ ಜೈನ ಸಿದ್ಧಾಂತ ಗ್ರಂಥವನ್ನು ನಾಗರಿ ಲಿಪಿಗೆ ಪ್ರತಿ ಮಾಡಲು ಅನುಮತಿ ಸಿಕ್ಕಾಗ, ಪ್ರತಿ ಮಾಡುತ್ತಿದ್ದವರೇ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಮಾಡಿಕೊಂಡರು. ಗ್ರಂಥ ಊರು ಬಿಟ್ಟು ಹೊರಗೆ ಹೋದದ್ದು ಆ ಗುಟ್ಟಿನ ದಾರಿಯಿಂದ. 1939ರಲ್ಲಿ ಹೀರಾಲಾಲ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಮರಾವತಿಯಿಂದ ಅಚ್ಚಾಯಿತು. ಬಸದಿಯವರು ಒಪ್ಪಿರಲಿಲ್ಲ. ಇವತ್ತು ಆ ಸಂಪುಟಗಳನ್ನು ತೆರೆಯುವ ಪ್ರತಿಯೊಬ್ಬರೂ ಅಂದಿನ ಗುಟ್ಟಿನ ಕೆಲಸಕ್ಕೆ ಒಪ್ಪಿಗೆಯ ಮುದ್ರೆ ಒತ್ತುತ್ತಿದ್ದಾರೆ, ಮಾಸ್ಟ್ರೂ ಸೇರಿ. ಅದು ಪುಣ್ಯಾನುಮೋದನೆಯೋ ಇನ್ನೊಂದೋ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಆದರೆ ಅವರ ಕಪಾಟಿನಲ್ಲಿ ಆ ಸಂಪುಟಗಳ ಹಿಂದಿ ಮುದ್ರಣ ಇದೆ. ಫಂಕ್ಷನ್ನಿನ ವಿಷಯದಲ್ಲಿ ಒಪ್ಪಿಗೆ ಎಂದರೆ ನೋಡದೆ ಇರುವುದು. ಅದು ಇವತ್ತೂ ನಡೆಯಿತು, ನಾನು ಇವತ್ತೂ ನಿಲ್ಲಿಸಲಿಲ್ಲ, ಹಾಗಾಗಿ ಇವತ್ತಿನದಕ್ಕೂ ಒಪ್ಪಿದ್ದೇನೆ.

ರಾತ್ರಿಯ ವಿಷಯದಲ್ಲಿ ಮಾತ್ರ ನಮಗೆ ಇನ್ನೂ ಹೊಂದಿಲ್ಲ. ಮಾಸ್ಟ್ರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಫಂಕ್ಷನ್ನೂ ರಾತ್ರಿ ಕೆಲಸ ಮಾಡುವುದು ಬೇಡವೆಂದರು. ದೀಪಕ್ಕೆ ಹುಳು ಬಿದ್ದು ಸಾಯುವ ಕಾಲದ ನಿಯಮ ಇಲ್ಲಿಗೆ ಹೇಗೆ ಅನ್ವಯಿಸುತ್ತದೆ, ಆ ಯಂತ್ರಗಳು ನಮ್ಮ ಕೆಲಸವಿರಲಿ ಇಲ್ಲದಿರಲಿ ಹಗಲೂ ರಾತ್ರಿ ವಿದ್ಯುತ್ತು ತಿನ್ನುತ್ತಲೇ ಇರುತ್ತವೆ ಎಂದು ನಾನು ಜಗಳ ತೆಗೆದೆ. ಅವರ ಕಾರಣ ಹುಳುವಲ್ಲ. ಕೆಟ್ಟರೆ ಕೇಳುವವರು ಎದ್ದಿರುವ ಹೊತ್ತಿನಲ್ಲಿ ಅದು ಕೆಲಸ ಮಾಡಲಿ ಎಂಬುದು. ಇದನ್ನು ನಾನು ಈಗಲೂ ಅತಿ ಎಂದೇ ತಿಳಿದಿದ್ದೇನೆ. ಯಾಕೆಂದರೆ ಹಗಲಿನಲ್ಲೂ ನಾನು ಅದನ್ನು ನೋಡುತ್ತಾ ಕೂರುವುದಿಲ್ಲ. ಆದರೆ ಮಾಡುವುದು ಕಷ್ಟವೇನಲ್ಲ. ಘಟನೆಯ ಚೀಟಿಗಳು ನೇರವಾಗಿ ಫಂಕ್ಷನ್ನಿಗೆ ಹೋಗದೆ ಒಂದು ಸಾಲಿನಲ್ಲಿ ನಿಲ್ಲುವಂತೆ ಮಾಡಿದೆ. ಆ ಸಾಲಿನಲ್ಲಿ ಚೀಟಿಗಳು 14 ದಿನದವರೆಗೂ ಕಾಯಬಲ್ಲವು. ಬೆಳಿಗ್ಗೆ ಒಂದು ಗಡಿಯಾರ ಬಾಗಿಲು ತೆರೆಯುತ್ತದೆ, ಸಂಜೆ ಮುಚ್ಚುತ್ತದೆ. ಎಷ್ಟು ಸಲ ಪ್ರಯತ್ನಿಸಿದರೂ ಆಗದ ಚೀಟಿಗಳು ಬೇರೊಂದು ಸಾಲಿಗೆ ಹೋಗಿ ಬೀಳುತ್ತವೆ. ಸಂಜೆ ಫೋನಿನಲ್ಲಿ ಅವನ್ನು ಓದಿ ಹೇಳು ಎನ್ನುತ್ತಾರೆ ಮಾಸ್ಟ್ರು. ಅವರು ದಿನದ ತಪ್ಪುಗಳ ಪ್ರತಿಕ್ರಮಣಕ್ಕೆ ಕೂರುವ ಮೊದಲು ಅದು ಮುಗಿಯಬೇಕು.

ಉಳಿದಿರುವುದು ಮುಂದಿನ ವಿಚಾರ. ಬಿಲ್ಲು ನನ್ನ ಕಾರ್ಡಿನಿಂದ ಹೋಗುತ್ತಿದೆ, ತಿಂಗಳಿಗೆ ಒಂದು ಕಪ್ ಕಾಫಿಯಷ್ಟೂ ಬರುವುದಿಲ್ಲ, ಅದರಿಂದಲೇ ಯಾರೂ ಅದನ್ನು ನೆನಪಿಡುವುದಿಲ್ಲ. ನಾವಿಬ್ಬರೂ ಇಲ್ಲದ ಕಾಲಕ್ಕೂ ಅದು ಬೆಳಿಗ್ಗೆ ಬಾಗಿಲು ತೆರೆದು ಕೂರಬಹುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ, ಕೊನೆಗಾಲದ ಸಲ್ಲೇಖನಕ್ಕೆ ಮೊದಲು ತಾನು ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಮೂರನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬೇಕೆಂಬ ವಿಧಿಯಿದೆ. ಮಾಸ್ಟ್ರು ಅದನ್ನು ನೆನಪಿಟ್ಟುಕೊಂಡೇ ಕೇಳಿದರು, ಇದನ್ನು ನಿಲ್ಲಿಸಿ ಹೋಗುವುದೋ, ಯಾರಿಗಾದರೂ ಒಪ್ಪಿಸಿ ಹೋಗುವುದೋ ಎಂದು. ಮೊಮ್ಮಗಳಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ಆದರೆ ಸದ್ಯಕ್ಕೆ ಅವಳಿಗೆ ಇರುವುದು ನೋಡುವ ಅನುಮತಿ ಮಾತ್ರ. 80ನ್ನು ಬದಲಾಯಿಸುವ ಅನುಮತಿ ಸಿಗುವುದು ಗರಿ ಓದಲು ಕಲಿತ ಮೇಲೆ. ಅವಳಿಗೆ ಇದು ಅನ್ಯಾಯವೆನಿಸಿದೆ, ಕೋಡ್ ತನಗೆ ಚೆನ್ನಾಗಿ ಬರುತ್ತದೆ ಎಂದು ನನ್ನ ಹತ್ತಿರ ಬೇರೆ ದೂರು ಕೊಟ್ಟಿದ್ದಾಳೆ. ಮೊದಲ ಪಾಠಕ್ಕೆ ಪುರಾಣದಿಂದ ಶುರು ಮಾಡೋಣವೆಂದು ಅವಳ ಆಸೆಯಿತ್ತು. ಮಾಸ್ಟ್ರು ಬಿಚ್ಚಿದ್ದು ಔಷಧದ ಕಟ್ಟನ್ನು. ತಪ್ಪಾಗಿ ಓದಿದರೆ ಏನಾಗುತ್ತದೆ ಎಂದು ಅದರಲ್ಲಿ ಬೇಗ ತಿಳಿಯುತ್ತದೆ ಎಂಬುದು ಅವರ ವಾದ.